ಲೀಟರಿಗೆ ಐದು ಕಿಲೋಮೀಟರು

ಚಲುವಯ್ಯ ಬಸ್ಸು ಓಡಿಸಿದರೆ ಹಿಂದಿನ ಸೀಟಿನಲ್ಲಿ ಕೂತ ಬಸುರಿಗೂ ನಿದ್ದೆ ಹತ್ತುತ್ತದೆ ಎಂದು ಪಾಂಡವಪುರದ ಸ್ಟ್ಯಾಂಡಿನಲ್ಲಿ ಜನ ಆಡಿಕೊಳ್ಳುತ್ತಿದ್ದರು. ಐವತ್ತು ದಾಟಿದ ಆಳು. ಸ್ಟೇರಿಂಗ್ ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ಒಂದು ಕೋಳಿಯನ್ನೂ ಚಕ್ರಕ್ಕೆ ಕೊಟ್ಟವನಲ್ಲ. ಅವನಿದ್ದದ್ದು ಶಿವಶಂಕರ್ ಎಂಬ ಗೌಡರ ಹತ್ತಿರ. ಗೌಡರಿಗೆ ಮೂರು ಬಸ್ಸುಗಳಿದ್ದವು. ಒಂದು ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ, ಒಂದು ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ, ಇನ್ನೊಂದು ಯಾವುದಾದರೂ ಕೆಟ್ಟು ನಿಂತಾಗ ಅದರ ಬದಲಿಗೆ.

ಕುವೈತಿನ ಜಗಳ ಶುರುವಾಗಿ ಡೀಸೆಲ್ ಬೆಲೆ ಒಂದೇ ಏಟಿಗೆ ಏರಿದ ವರ್ಷ ಅದು. ಬಂಕುಗಳ ಮುಂದೆ ಟ್ರಾಕ್ಟರು, ಲಾರಿ, ಡಬ್ಬ ಹಿಡಿದ ರೈತರು ಸಾಲುಗಟ್ಟಿ ನಿಲ್ಲುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ದಿನ ಗೌಡರು ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಶೆಡ್ಡಿಗೆ ಕರೆಸಿದರು.

"ನೋಡ್ರಪ್ಪ, ಇನ್ಮೇಲೆ ಲೀಟರಿಗೆ ಐದು ಕಿಲೋಮೀಟರು ಬರ್ಲೇಬೇಕು. ಚಲುವಯ್ಯನ ಗಾಡಿ ಕೊಡ್ತಾ ಅದೆ. ಅವ್ನ ಕೈಲಾಗೋದು ನಿಮ್ ಕೈಲಿ ಯಾಕಾಗಲ್ಲ? ಯುಗಾದಿ ಒಳಗೆ ಐದು ತರ್ದೆ ಇದ್ದೋರು ಸ್ಟೇರಿಂಗ್ ಬುಟ್ಟು ಮನೆಗೆ ಓಗಿ. ನಾನೂ ಬಸ್ಸು ಮಾರ್ಕೊಂಡು ಎಮ್ಮೆ ಕಟ್ತೀನಿ."

ಎಲ್ಲರೂ ಚಲುವಯ್ಯನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ಒಳಗೊಳಗೆ ಮಾತ್ರ ಹಬ್ಬ. ಇಪ್ಪತ್ತಾರು ವರ್ಷದಲ್ಲಿ ನಾಲ್ಕು ಜನರ ಮುಂದೆ ಅವನ ಹೆಸರೆತ್ತಿ ಹೊಗಳಿದ್ದು ಅದೇ ಮೊದಲು.

"ನೀನೇ ಯೋಳ್ಕೊಡಯ್ಯ ಇವ್ರಿಗೆ," ಅಂದರು ಗೌಡರು.

ಚಲುವಯ್ಯ ಹೇಳಿಕೊಟ್ಟ. ಅವನು ಓಡಿಸುವ ರೀತಿಯಲ್ಲಿ ಮಾಟ ಮಂತ್ರವೇನೂ ಇರಲಿಲ್ಲ. ಸೋಮವಾರ ಸೋಮವಾರ ಟೈರಿನ ಗಾಳಿ ನೋಡಬೇಕು. ಇಂಜಿನ್ನು ಅರಚಿಕೊಳ್ಳುವ ಮುಂಚೆ ಗೇರು ಬದಲಾಯಿಸಬೇಕು. ಕ್ಲಚ್ಚಿನ ಮೇಲೆ ಸುಮ್ಮಸುಮ್ಮನೆ ಕಾಲಿಟ್ಟುಕೊಳ್ಳಬಾರದು. ಅರ್ಧ ಫರ್ಲಾಂಗು ದೂರದಲ್ಲಿ ಕೈ ಅಡ್ಡ ಹಾಕುವವರು ಕಂಡರೆ ಅಲ್ಲಿಂದಲೇ ಕಾಲೆತ್ತಿಬಿಟ್ಟರೆ ಗಾಡಿ ತಾನಾಗಿ ನಿಧಾನವಾಗುತ್ತದೆ, ಬ್ರೇಕೂ ಸವೆಯದು. "ಎತ್ತಿಗೆ ಒಡ್ದು ಓಡಿಸೋನು ಬೇರೆ, ಮಾತಾಡಿಸ್ಕೊಂಡು ಓಡಿಸೋನು ಬೇರೆ ಕಣ್ರಪ್ಪ," ಎನ್ನುತ್ತಿದ್ದ.

ಕೇಳಿದವರಲ್ಲಿ ತುಂಬ ಕಂಗಾಲಾಗಿದ್ದವನು ರವೀಂದ್ರ. ಇಪ್ಪತ್ತೇಳರ ಹುಡುಗ. ಮದುವೆಯಾಗಿ ವರ್ಷವಾಗಿತ್ತು, ಹೆಂಡತಿ ಮಮತಳಿಗೆ ಐದು ತಿಂಗಳು. ನಾಗಮಂಗಲದ ಬಸ್ಸು ಅವನದು. ಹಳೇ ಗಾಡಿ, ಗುಂಡಿ ಬಿದ್ದ ರಸ್ತೆ, ಮೈಲಿಗೆರಡು ಸ್ಟಾಪು. ಹೇಳಿಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ನಾಲ್ಕಿದ್ದದ್ದು ನಾಲ್ಕೂವರೆಯಾಯಿತು. ಅಲ್ಲಿಂದ ಮುಂದಕ್ಕೆ ಕದಲಲಿಲ್ಲ.

ಸಂಕ್ರಾಂತಿಯ ಹಿಂದಿನ ವಾರ ಅವನು ಚಲುವಯ್ಯನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ.

"ಚಲುವಣ್ಣ, ನೀನು ಏನೋ ಒಂದು ಒಳಗೇ ಮಡಿಕ್ಕೊಂಡಿದೀಯ. ನಂಗೆ ಯೋಳ್ದೆ ಇದ್ರೆ ಇನ್ಯಾರಿಗೆ ಯೋಳ್ತೀಯ? ಕೆಲ್ಸ ಓದ್ರೆ ನಾನು ಮಮತನ್ನ ಕರ್ಕೊಂಡು ಎಲ್ಲಿಗೋಗ್ಲಿ?"

ಚಲುವಯ್ಯ ಬೀಡಿ ಹಚ್ಚಿದ. ಮಡಗಿಕೊಂಡಿದ್ದದ್ದು ನಿಜ. ಹಿಂದೆ ಅವನೇ ನಾಗಮಂಗಲದ ಬಸ್ಸು ಓಡಿಸುತ್ತಿದ್ದಾಗ, ದಾರಿಯಲ್ಲಿ ಸಿಗುವ ಗುಂಡುಬಂಡೆ ಇಳಿಜಾರಿನಲ್ಲಿ, ಗಾಡಿ ಖಾಲಿಯಿದ್ದ ದಿನ ಇಂಜಿನ್ ಆರಿಸಿ ಬಿಡುತ್ತಿದ್ದ. ಒಂದು ಮೈಲಿ ಇಳಿಜಾರು. ಒಂದು ತೊಟ್ಟು ಡೀಸೆಲ್ ಇಲ್ಲದೆ ಬಸ್ಸು ಕೆಳಗಿನ ಕೆರೆಯ ಏರಿಯವರೆಗೂ ಹೋಗಿ ನಿಲ್ಲುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕೆಟ್ಟದ್ದೆಂದು ಗೊತ್ತಿದ್ದರಿಂದಲೇ ಹೇಳಿರಲಿಲ್ಲ.

ಆದರೆ ಹುಡುಗನ ಮುಖ ನೋಡಿ ಕರುಳು ಚುರುಕ್ಕೆಂದಿತು. ಕರುಳೊಂದೇ ಅಲ್ಲ. ಗುರು ಅನ್ನಿಸಿಕೊಂಡವನಿಗೆ ಇನ್ನು ನನ್ನ ಹತ್ತಿರ ಏನೂ ಇಲ್ಲ ಎಂದು ಕೈ ಕೊಡವುವುದು ಕಷ್ಟವಾಯಿತು.

ಮಾರನೆಯ ದಿನ ನಾಗಮಂಗಲದಲ್ಲಿ ಜನರನ್ನು ಇಳಿಸಿ ಬಸ್ಸು ರಿಪೇರಿಗೆಂದು ಖಾಲಿ ವಾಪಸು ಬರುತ್ತಿತ್ತು. ಚಲುವಯ್ಯನೇ ಸ್ಟೇರಿಂಗಿಗೆ ಕೂತ. ಇಳಿಜಾರಿನ ತಲೆಗೆ ಬಂದಾಗ ಗೇರು ತೆಗೆದು ನ್ಯೂಟ್ರಲ್ಲಿಗೆ ತಂದ, ಸ್ಟಾಪ್ ಗುಂಡಿ ಎಳೆದ. ಇಂಜಿನ್ನಿನ ಗದ್ದಲ ಅಡಗಿತು. ಗಾಳಿಯ ಸದ್ದು, ಬೋಲ್ಟುಗಳ ಕಟಕಟ ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ. ಬಸ್ಸು ತೆಪ್ಪದ ಹಾಗೆ ಕೆಳಕ್ಕೆ ಜಾರಿತು. ರವೀಂದ್ರ ಬಾಯಿ ತೆರೆದು ನೋಡುತ್ತಿದ್ದ.

"ಕೇಳ್ಸ್ಕೊ," ಅಂದ ಚಲುವಯ್ಯ. "ಬ್ರೇಕು ಇಡಿಯೋದು ಗಾಳಿಯಿಂದ. ಗಾಳಿ ತುಂಬೋದು ಇಂಜಿನ್ನು. ಇಂಜಿನ್ ಆರ್ಸಿದ ಮೇಲೆ ಟ್ಯಾಂಕಲ್ಲಿರೋದಷ್ಟೇ ಗಾಳಿ, ನಾಕೈದು ಸಲ ಕಾಲಾಕುದ್ರೆ ಮುಗೀತು. ಅದ್ಕೇ ಜನ ಇದ್ದಾಗ ಇದ್ನ ಮಾಡಂಗಿಲ್ಲ. ಖಾಲಿ ಗಾಡೀಲಿ, ರಸ್ತೆ ಬರಿದಾಗಿದ್ರೆ ಮಾತ್ರ. ತಿಳೀತೇನ್ಲಾ?"

"ತಿಳೀತು ಕಣಣ್ಣ."

"ನನ್ ತಲೆ ಮುಟ್ಟಿ ಯೋಳು."

ರವೀಂದ್ರ ನಗುತ್ತ ಅವನ ತಲೆ ಮುಟ್ಟಿದ.

ಜನವರಿ ಕೊನೆಯ ಹೊತ್ತಿಗೆ ನಾಗಮಂಗಲದ ಬಸ್ಸು ಲೀಟರಿಗೆ ಐದು ಮುಟ್ಟಿತು. ಗೌಡರು ಚಲುವಯ್ಯನ ಬೆನ್ನು ತಟ್ಟಿದರು. "ನಿನ್ ಕೈಗುಣ ಕಣಯ್ಯ," ಅಂದರು. ಚಲುವಯ್ಯ ಮನೆಗೆ ಬಂದು ಹೆಂಡತಿ ಬೀರಮ್ಮನಿಗೆ ಆ ಮಾತನ್ನು ಎರಡು ಸಲ ಹೇಳಿದ. ಆದರೆ ಉಣ್ಣಲು ಕೂತಾಗ ಲೆಕ್ಕ ಹಾಕಿದ. ವಾರಕ್ಕೊಂದು ಸಲ ಖಾಲಿ ಬರುವ ಗಾಡಿ ಇಳಿಜಾರಿನಲ್ಲಿ ಉಳಿಸಿದ ಡೀಸೆಲ್ಲಿಗೆ ನಾಲ್ಕೂವರೆ ಐದಾಗುವುದಿಲ್ಲ. ಹಾಗಾಗಬೇಕಾದರೆ ದಿನವೂ, ಪ್ರತಿ ಟ್ರಿಪ್ಪಿನಲ್ಲೂ, ಒಂದಲ್ಲ ನಾಲ್ಕು ಇಳಿಜಾರಿನಲ್ಲಿ ಇಂಜಿನ್ ಆರಿಸಬೇಕು.

ಅವನ ಅನುಮಾನವನ್ನು ಆ ಬಸ್ಸಿನ ಕಂಡಕ್ಟರ್ ಚಿಕ್ಕಸ್ವಾಮಿ ನಿಜ ಮಾಡಿದ. ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತ, "ಏನ್ ಕಲ್ಸಿದೀಯಣ್ಣ ನಮ್ ಹುಡುಗಂಗೆ! ಇಳಿಜಾರು ಬಂತು ಅಂದ್ರೆ ಗಾಡಿ ಉಸಿರೇ ಬುಡಲ್ಲ. ಟಿಕೀಟು ಅರಿಯೋ ಸದ್ದು ನಂಗೇ ಕೇಳ್ಸ್ತದೆ," ಅಂದ.

ಚಲುವಯ್ಯ ಲೋಟ ಕೆಳಗಿಟ್ಟ. "ಜನ ಇರುವಾಗ್ಲಾ?"

"ಜನ ಇಲ್ದೆ ನಾನ್ ಯಾರಿಗೆ ಟಿಕೀಟು ಅರೀಲಿ?"

ಅಂದೇ ಹೋಗಿ ಹುಡುಗನ ಕೆನ್ನೆಗೆ ಬಾರಿಸಬೇಕಿತ್ತು. ಹೋಗಲಿಲ್ಲ. ಇಬ್ಬರ ಪಾಳಿ ಬೇರೆ ಬೇರೆ, ಸಿಕ್ಕಾಗ ಹೇಳಿದರಾಯಿತು ಎಂದುಕೊಂಡ. ಒಮ್ಮೆ ಸಿಕ್ಕಿದ. ಆಗ ಪಕ್ಕದಲ್ಲಿ ಗೌಡರಿದ್ದರು. ಇನ್ನೊಮ್ಮೆ ಸಿಕ್ಕಾಗ ಮಮತ ಜೊತೆಯಲ್ಲಿದ್ದಳು. ಕೆಂಪು ಸೀರೆಯುಟ್ಟುಕೊಂಡು, "ನಿಮ್ಮಿಂದ ಇವ್ರ ಕೆಲ್ಸ ಉಳೀತು ಕಣಣ್ಣ," ಎಂದು ಕೈ ಮುಗಿದಳು. ಆ ಮಾತು ಕೇಳಿದ ಮೇಲೆ ಬಾಯಿ ಬರಲಿಲ್ಲ. ಹೀಗೆ ಹನ್ನೆರಡು ದಿನ ಕಳೆದವು.

ಫೆಬ್ರವರಿಯ ಒಂದು ಶನಿವಾರ. ಕಬ್ಬು ಅರೆಯುವ ಕಾಲ. ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಬೆಳಗಾಗುವ ಮುಂಚೆಯೇ ರಸ್ತೆಗಿಳಿಯುತ್ತಿದ್ದವು. ನಾಗಮಂಗಲದಿಂದ ಹೊರಟ ಬಸ್ಸಿನಲ್ಲಿ ಅರವತ್ತಕ್ಕೂ ಮೇಲೆ ಜನ. ಡ್ರೈವರಿನ ಹಿಂದಿನ ಸೀಟಿನಲ್ಲಿ ಚಿಕ್ಕಬೋರಮ್ಮ ಎಂಬ ಮುದುಕಿ ಕೂತಿದ್ದಳು. ಪ್ರತಿ ಶನಿವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಕರಿಘಟ್ಟದ ಬೆಟ್ಟ ಹತ್ತಿ ದೇವರಿಗೆ ಕೈ ಮುಗಿದು ಬರುವವಳು. ಚಲುವಯ್ಯ ಆ ದಾರಿಯಲ್ಲಿ ಓಡಿಸುತ್ತಿದ್ದ ಕಾಲದಿಂದಲೂ ಅದೇ ಸೀಟು, ಅದೇ ಬುಟ್ಟಿ.

ಗುಂಡುಬಂಡೆಯ ತಲೆಯಲ್ಲಿ ರವೀಂದ್ರ ಇಂಜಿನ್ ಆರಿಸಿದ. ಮಂಜು ಇನ್ನೂ ಹರಿದಿರಲಿಲ್ಲ. ಅರ್ಧ ಇಳಿಜಾರು ದಾಟಿದ ಮೇಲೆ ಮೂರು ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಕಂಡವು. ಬ್ರೇಕು ಒತ್ತಿದ. ಜನ ತುಂಬಿದ ಬಸ್ಸು, ಸರಿಯಾಗಿ ಹಿಡಿಯಲಿಲ್ಲ. ಮತ್ತೆ ಒತ್ತಿದ, ಬಿಟ್ಟ, ಒತ್ತಿದ. ಐದನೆಯ ಸಲಕ್ಕೆ ಪೆಡಲು ಸತ್ತ ಮೀನಿನ ಹಾಗೆ ಮಲಗಿತು. ಗೇರಿಗೆ ಹಾಕಿ ಇಂಜಿನ್ ಎಬ್ಬಿಸಲು ನೋಡಿದ. ಆ ವೇಗದಲ್ಲಿ ಗೇರು ಕರಕರ ಅಂದಿತೇ ಹೊರತು ಬೀಳಲಿಲ್ಲ. ಗಾಡಿಗಳನ್ನು ತಪ್ಪಿಸಲು ಎಡಕ್ಕೆ ಎಳೆದ. ಹುಣಸೆ ಮರ ಸಿಕ್ಕಿತು.

ಗಾಡಿಯವರಿಗಾಗಲಿ ಎತ್ತುಗಳಿಗಾಗಲಿ ಏನೂ ಆಗಲಿಲ್ಲ. ಬಸ್ಸಿನಲ್ಲಿದ್ದ ಹದಿನೇಳು ಜನರಿಗೆ ಪೆಟ್ಟಾಯಿತು. ರವೀಂದ್ರನ ಬಲಗಾಲು ಎರಡು ಕಡೆ ಮುರಿಯಿತು. ಚಿಕ್ಕಬೋರಮ್ಮ ಅಲ್ಲೇ ತೀರಿಕೊಂಡಳು.

ಸುದ್ದಿ ಕೇಳಿ ಚಲುವಯ್ಯ ಹೋಗುವ ಹೊತ್ತಿಗೆ ಹೆಣವನ್ನು ಮರದ ನೆರಳಿಗೆ ತಂದು ಮಲಗಿಸಿದ್ದರು. ಯಾರೋ ಮುಖದ ಮೇಲೆ ಟವೆಲ್ಲು ಹಾಕಿದ್ದರು. ಕಾಲ ಬಳಿ ಚಪ್ಪಲಿ ಇರಲಿಲ್ಲ. ಬೆಟ್ಟಕ್ಕೆ ಹೋಗುವ ದಿನ ಅವಳು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅವನು ಬಸ್ಸಿನೊಳಕ್ಕೆ ಬಗ್ಗಿ ನೋಡಿದ. ಸ್ಟಾಪ್ ಗುಂಡಿ ಪೂರ್ತಿ ಈಚೆಗೆ ಎಳೆದೇ ಇತ್ತು, ಇಂಜಿನ್ ಆರಿಸಿದ್ದರ ಗುರುತಾಗಿ. ಹಿಂದೆ ಮುಂದೆ ನೋಡದೆ ಅದನ್ನು ಒಳಕ್ಕೆ ಒತ್ತಿಬಿಟ್ಟ. ಯಾಕೆ ಒತ್ತಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಉತ್ತರ ಸಿಗಲಿಲ್ಲ. ಕೈ ತಾನಾಗಿ ಹೋಗಿತ್ತು.

ಮಧ್ಯಾಹ್ನ ಬ್ರೇಕ್ ಇನ್‌ಸ್ಪೆಕ್ಟರು ಬಂದು ಗಾಡಿಯ ಕೆಳಗೆ ತೂರಿ ನೋಡಿದರು. ಮರಕ್ಕೆ ಬಡಿದ ಏಟಿಗೆ ಮುಂದಿನ ಭಾಗವೆಲ್ಲ ನಜ್ಜುಗುಜ್ಜಾಗಿತ್ತು, ಗಾಳಿಯ ಪೈಪು ಕಿತ್ತು ನೇತಾಡುತ್ತಿತ್ತು. ಆ ಪೈಪನ್ನು ಹೊಸದಾಗಿ ಹಾಕಿ ಹತ್ತು ದಿನವೂ ಆಗಿರಲಿಲ್ಲ. ಹಾಕಿದವನು ಪಾಂಡವಪುರದ ಮೆಕ್ಯಾನಿಕ್ ಮರಿಸ್ವಾಮಿ. ಆಸ್ಪತ್ರೆಯಲ್ಲಿ ರವೀಂದ್ರನನ್ನು ಕೇಳಿದಾಗ, "ಬ್ರೇಕು ಫೇಲಾಯ್ತು ಸಾರ್," ಎಂದಷ್ಟೇ ಹೇಳಿದ. ಸಂಜೆ ಪೊಲೀಸರು ಬಂದು ಮರಿಸ್ವಾಮಿಯನ್ನು ಠಾಣೆಗೆ ಕರೆದುಕೊಂಡು ಹೋದರು.

ಗೌಡರು ಚಲುವಯ್ಯನನ್ನು ಮನೆಗೆ ಕರೆಸಿಕೊಂಡರು. ಬಾಗಿಲು ಮುಂದಕ್ಕೆ ಹಾಕಿ ಮೆಲ್ಲಗೆ ಕೇಳಿದರು:

"ಹುಡುಗ ಇಂಜಿನ್ ಆರಿಸ್ತಿದ್ನಂತೆ. ಚಿಕ್ಕಸ್ವಾಮಿ ಯೋಳ್ದ. ನಿಂಗೆ ಗೊತ್ತಿತ್ತಾ?"

ಚಲುವಯ್ಯ ಬಾಯಿ ತೆರೆಯುವ ಮುಂಚೆ ಗೌಡರೇ ಮುಂದುವರಿಸಿದರು.

"ಗೊತ್ತಿದ್ರೂ ಗೊತ್ತಿಲ್ಲ ಅಂದ್ಕೊ. ಪೈಪು ಕಿತ್ತೋಯ್ತು ಅಂತ ಬರ್ದವ್ರೆ, ಅದೇ ಇರ್ಲಿ. ಮರಿಸ್ವಾಮಿಗೆ ವಕೀಲನ್ನ ನಾನಿಡ್ತೀನಿ. ರವೀಂದ್ರ ಜೈಲಿಗೋದ್ರೆ ಬಸುರಿ ಹೆಂಗ್ಸು ಬೀದಿಗೆ ಬೀಳ್ತಾಳೆ. ಅಲ್ವೇನಯ್ಯ?"

ಅಲ್ಲ ಎನ್ನಲು ಅವನಿಗಾಗಲಿಲ್ಲ. ಐದು ತನ್ನಿ, ಇಲ್ಲದಿದ್ದರೆ ಮನೆಗೆ ಹೋಗಿ ಎಂದವರು ಯಾರು ಎಂದು ಕೇಳುವ ಆಸೆಯಾಯಿತು. ಅದನ್ನೂ ಕೇಳಲಿಲ್ಲ. ಕೇಳುವ ಯೋಗ್ಯತೆ ತನಗೆಲ್ಲಿದೆ ಎನ್ನಿಸಿತು.

ಎರಡು ದಿನ ಅವನು ಬಸ್ಸು ಓಡಿಸಿದ. ಕೈ ಸ್ಟೇರಿಂಗಿನ ಮೇಲಿತ್ತು, ಕಣ್ಣು ಎಲ್ಲೋ ಇತ್ತು. ಶೀಳನೆರೆಯಲ್ಲಿ ಇಳಿಯಬೇಕಾದ ಇಬ್ಬರನ್ನು ಅರ್ಧ ಮೈಲಿ ಮುಂದಕ್ಕೆ ಒಯ್ದು ಅವರಿಂದ ಬೈಸಿಕೊಂಡ. ಬೀರಮ್ಮ ನೋಡಿದಳು, ಕೇಳಿದಳು, ಕೊನೆಗೆ ಸುಮ್ಮನಾದಳು.

ಮೂರನೆಯ ದಿನ ಬೆಳಿಗ್ಗೆ ಮರಿಸ್ವಾಮಿಯ ಹೆಂಡತಿ ಸೋಮಮ್ಮ ಮನೆ ಬಾಗಿಲಿಗೆ ಬಂದಳು. ಒಳಕ್ಕೆ ಕರೆದರೂ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೇಳಿದಳು:

"ನಿಮ್ಮನ್ನೊಂದು ಮಾತು ಕೇಳವಾ ಅಂತ ಬಂದೆ ಕಣಣ್ಣ. ಗಾಡಿ ವಿಷ್ಯ ನಿಮ್ಮಷ್ಟು ಬಲ್ಲೋರು ಯಾರವ್ರೆ? ನಮ್ಮನೆಯವ್ರು ಠಾಣೇಲಿ ಅನ್ನ ಮುಟ್ತಾ ಇಲ್ಲ. ನಾನೇ ಸರ್ಯಾಗಿ ಬಿಗ್ದಿರ್ಲಿಲ್ವೇನೋ, ಆ ಅಜ್ಜಿನ ನಾನೇ ಕೊಂದೆನೇನೋ ಅಂತ ಅಳ್ತಾ ಕೂತವ್ರೆ. ನೀವೇ ಯೋಳಿ. ಅವ್ರು ಬಿಗಿದಿದ್ದು ಸಡ್ಲಾಗಿತ್ತಾ?"

ಪೊಲೀಸರು ಮರಿಸ್ವಾಮಿಯ ಮೇಲೆ ತಪ್ಪು ಹೊರಿಸಿದ್ದು ಚಲುವಯ್ಯನಿಗೆ ಗೊತ್ತಿತ್ತು. ಆದರೆ ಮರಿಸ್ವಾಮಿ ತಾನೇ ಅದನ್ನು ನಂಬಿ ಕೂತಿದ್ದಾನೆಂದು ಅವನು ಎಣಿಸಿರಲಿಲ್ಲ.

"ಇಲ್ಲ ಕಣವ್ವ," ಅಂದ. "ಸಡ್ಲಾಗಿರ್ಲಿಲ್ಲ. ನೀನು ಓಗಿ ಅವ್ನಿಗೆ ಉಣ್ಣು ಅನ್ನು."

ಅವಳು ಹೋದ ಮೇಲೆ ಬೀರಮ್ಮ ಗಂಡನ ಎದುರಿಗೆ ಬಂದು ನಿಂತಳು. "ಅಂಗಾರೆ ನಿಂಗೆ ಗೊತ್ತು," ಅಂದಳು. ಅವನು ಎಲ್ಲವನ್ನೂ ಹೇಳಿದ. ಒತ್ತಿದ ಗುಂಡಿಯ ವಿಷಯವನ್ನೂ ಬಿಡಲಿಲ್ಲ. ಬೀರಮ್ಮ ಗೂಟದಲ್ಲಿದ್ದ ಅಂಗಿ ತಂದು ಕೈಗೆ ಕೊಟ್ಟಳು. "ಮೊದ್ಲು ಆ ಹುಡುಗನ ತಾವ ಓಗು. ಬೆನ್ನಿಂದೆ ಯೋಳಿದ್ರು ಅಂತ ಆಗ್ಬಾರ್ದು."

ಮಂಡ್ಯದ ಆಸ್ಪತ್ರೆಯಲ್ಲಿ ರವೀಂದ್ರ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಮಮತ ಕಿತ್ತಳೆ ಬಿಡಿಸುತ್ತಿದ್ದಳು. ಚಲುವಯ್ಯನನ್ನು ಕಂಡು ಎದ್ದು ಸ್ಟೂಲು ಸರಿಸಿದಳು. ಅವನು ಕೂರಲಿಲ್ಲ.

"ರವಿ, ನಾನು ಠಾಣೆಗೆ ಓಯ್ತಾ ಇವ್ನಿ. ಇದ್ದಿದ್ದು ಇದ್ದಂಗೆ ಯೋಳ್ತೀನಿ. ಅದ್ಕೆ ಮುಂಚೆ ನಿಂಗೆ ಯೋಳಾನ ಅಂತ ಬಂದೆ."

ರವೀಂದ್ರ ದಿಂಬಿನಿಂದ ತಲೆಯೆತ್ತಿದ. "ಏನಂತ ಯೋಳ್ತೀಯಣ್ಣ?"

"ನೀನು ಇಂಜಿನ್ ಆರ್ಸಿದ್ದೆ ಅಂತ. ಆರ್ಸೋದು ಕಲ್ಸಿದೋನು ನಾನು ಅಂತ. ಜನ ಇರುವಾಗ್ಲೂ ಆರಿಸ್ತಿದ್ದೀಯ ಅಂತ ಗೊತ್ತಿದ್ದೂ ಹನ್ನೆರಡು ದಿನ ಬಾಯ್ ಮುಚ್ಕೊಂಡಿದ್ದೆ ಅಂತ."

"ನೀನ್ ಯೋಳಿದ್ರೆ ನಾನು ಒಳಗೋಯ್ತೀನಿ."

"ನೀನ್ ಒಳಗೋಗದೆ ಇದ್ರೆ ಮರಿಸ್ವಾಮಿ ಓಯ್ತಾನೆ ಕಣ್ಲಾ. ಅವ್ನು ತಾನೇ ಕೊಂದೆ ಅಂತ ಅನ್ನ ಬುಟ್ಟವ್ನೆ."

ರವೀಂದ್ರ ಚಾವಣಿ ನೋಡುತ್ತ ಮಲಗಿದ. ಕಣ್ಣ ಕೊನೆಯಿಂದ ನೀರು ಕಿವಿಗೆ ಇಳಿಯಿತು. "ಆ ಅಜ್ಜಿ ಬೆಳಿಗ್ಗೆ ಹತ್ತುವಾಗ, ರಾತ್ರಿ ನಿದ್ದೆ ಮಾಡ್ದೇನಪ್ಪಾ ಅಂತ ಕೇಳಿತ್ತು," ಅಂದ. "ಕಣ್ ಮುಚ್ಚುದ್ರೆ ಅದೇ ಕೇಳ್ಸ್ತದೆ."

ಮಮತ ಕಿತ್ತಳೆ ಕೆಳಗಿಟ್ಟಳು. ದನಿ ಏರಿಸಲಿಲ್ಲ. "ಕಲ್ಸೋವಾಗ ಕಲ್ಸ್ಬುಟ್ರಿ. ಈಗ ಸತ್ಯ ಯೋಳಕ್ಕೆ ಒಂಟಿದೀರ. ಎರಡೂ ನಿಮ್ಗೇ ಒಳ್ಳೇ ಎಸ್ರು ತಂದ್ಕೊಡೋದೇ ಅಲ್ವಾ? ಓಗಿ. ಇನ್ನೊಂದ್ಸಲ ನಮ್ ಕಣ್ಣಿಗೆ ಬೀಳ್ಬೇಡಿ."

ಚಲುವಯ್ಯ ಮೆಟ್ಟಿಲಿಳಿದು ಠಾಣೆಯ ದಾರಿ ಹಿಡಿದ.

ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಳ್ಳಲು ಎರಡು ಗಂಟೆ ಹಿಡಿಯಿತು. ಸಬ್‌ಇನ್‌ಸ್ಪೆಕ್ಟರು ಮಧ್ಯೆ ಪೆನ್ನು ನಿಲ್ಲಿಸಿ, "ಗುಂಡಿ ಒತ್ತಿದ್ದು ಸಾಕ್ಷಿ ಅಳಿಸಿದಂಗೆ ಆಗ್ತದೆ, ಗೊತ್ತೇನಪ್ಪ? ಅದನ್ನ ಬರೀಲಾ, ಬೇಡ್ವಾ?" ಎಂದು ಕೇಳಿದರು. ಬರೆಯಿರಿ ಅಂದ. ಚಿಕ್ಕಸ್ವಾಮಿಯನ್ನೂ ಕರೆಸಿದರು. ಅವನು ಮೊದಲು ತಡವರಿಸಿದರೂ ಕೊನೆಗೆ ಹೂಂ ಅಂದ.

ಮರಿಸ್ವಾಮಿಯನ್ನು ಆ ಸಂಜೆ ಬಿಟ್ಟರು. ಗಡ್ಡ ಬೆಳೆದಿತ್ತು. ಠಾಣೆಯ ಮೆಟ್ಟಿಲ ಮೇಲೆ ಚಲುವಯ್ಯನ ಎದುರು ಬಂದಾಗ ನಿಂತ. ಚಲುವಯ್ಯ ಕೈ ಮುಗಿದ.

"ಮೂರ್ ದಿನ ಚಲುವಣ್ಣ," ಅಂದ ಮರಿಸ್ವಾಮಿ. "ಮೂರ್ ದಿನ ನಾನು ಕೊಲೆಗಾರ ಆಗಿದ್ದೆ. ಮೊದ್ಲ ದಿನಾನೇ ಯೋಳಿದ್ರೆ ಏನಾಗ್ತಿತ್ತು?" ಉತ್ತರಕ್ಕೆ ಕಾಯದೆ ಹೆಂಡತಿಯ ಜೊತೆ ನಡೆದುಬಿಟ್ಟ.

ಗೌಡರು ಚಲುವಯ್ಯನನ್ನು ಕೆಲಸದಿಂದ ಬಿಡಿಸಿದರು. ಆರ್‌ಟಿಓದವರು ಅವನ ಲೈಸೆನ್ಸನ್ನೂ ಸ್ವಲ್ಪ ಕಾಲ ಅಮಾನತ್ತಿನಲ್ಲಿಟ್ಟರು. ಅವನು ಕಬ್ಬಿನ ಗದ್ದೆಗಳಲ್ಲಿ ಸೋಗೆ ಬಿಡಿಸುವ ಕೂಲಿಗೆ ಹೋದ. ಆಮೇಲೆ ಒಬ್ಬ ರೈತನ ಟ್ರಾಕ್ಟರು ಓಡಿಸಿದ. ಮತ್ತೆ ಬಸ್ಸಿಗೆ ಕರೆದವರಿದ್ದರು. ಹೋಗಲಿಲ್ಲ. ಬೆನ್ನ ಹಿಂದೆ ಜನರನ್ನು ಕೂರಿಸಿಕೊಂಡು ಓಡಿಸುವುದು ಇನ್ನು ತನ್ನಿಂದಾಗದು ಎಂದ. ಚಿಕ್ಕಬೋರಮ್ಮನ ತಿಥಿಗೆ ಅವಳೂರಿಗೆ ಹೋಗಿ ದೂರದಲ್ಲಿ ನಿಂತಿದ್ದ. ಅವಳ ತಮ್ಮ ಗುರುತು ಹಿಡಿದು ಎಲೆಗೆ ಕರೆದ. ಉಣ್ಣಲೂ ಆಗದೆ, ಎದ್ದು ಬರಲೂ ಆಗದೆ ಅನ್ನದ ಮುಂದೆ ಕೂತಿದ್ದ.

ಕೇಸು ಎರಡು ವರ್ಷ ನಡೆಯಿತು. ರವೀಂದ್ರ ಜಾಮೀನಿನ ಮೇಲೆ ಹೊರಗಿದ್ದ. ಕಾಲು ಕೂಡಿತ್ತು, ಆದರೆ ಗಿಡ್ಡವಾಗಿತ್ತು. ಇನ್ನು ಭಾರಿ ಗಾಡಿ ಓಡಿಸುವಂತಿರಲಿಲ್ಲ. ಪಾಂಡವಪುರದಲ್ಲಿ ಸೈಕಲ್ ಶಾಪು ಇಟ್ಟಿದ್ದಾನೆಂದು ಚಲುವಯ್ಯ ಕೇಳಿದ್ದ. ಆ ಬೀದಿಗೆ ಹೋಗುತ್ತಿರಲಿಲ್ಲ. ಕೊನೆಗೆ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಚಲುವಯ್ಯನ ಸಾಕ್ಷಿ ಬಂತು. ಕಟಕಟೆಯಲ್ಲಿ ನಿಂತು ಹೇಳಿದ್ದನ್ನೇ ಮತ್ತೆ ಹೇಳಿದ. ರವೀಂದ್ರನ ಪರ ವಕೀಲರು ಎದ್ದು ಗಟ್ಟಿಯಾಗಿ ಕೇಳಿದರು: "ಅಂದರೆ ಈ ಸಾವಿಗೆ ನೀವೇ ಕಾರಣ ಅಂತ ಒಪ್ಕೊಳ್ತೀರಾ?"

"ಒಪ್ಕೊಳ್ತೀನಿ ಸ್ವಾಮಿ," ಅಂದ ಚಲುವಯ್ಯ. "ಕಾನೂನು ಏನಂತದೋ ನಂಗೊತ್ತಿಲ್ಲ."

ಕಾನೂನು ಅವನನ್ನು ಏನೂ ಅನ್ನಲಿಲ್ಲ, ಗುಂಡಿ ಒತ್ತಿದ್ದನ್ನೂ ತಾನಾಗಿ ಹೇಳಿದವನೆಂದು ಬಿಟ್ಟಿತು. ಮುಂದಿನ ತಿಂಗಳು ತೀರ್ಪು ಬಂತು. ರವೀಂದ್ರನಿಗೆ ಆರು ತಿಂಗಳ ಸಜೆ. ಹೇಳಿಕೊಟ್ಟವನು ಬೇರೆಯವನೆಂದು ಒಂದಿಷ್ಟು ಕಡಿಮೆ ಮಾಡಿದ್ದಾರೆ ಎಂದು ವಕೀಲರು ಹೇಳಿದರು. ಪೊಲೀಸು ವ್ಯಾನಿಗೆ ಹತ್ತಿಸುವ ಮುಂಚೆ ರವೀಂದ್ರ ಬೇವಿನ ಮರದ ಕೆಳಗೆ ಕೂತಿದ್ದ. ಅವನ ತೊಡೆಯ ಮೇಲೆ ಎರಡು ವರ್ಷದ ಹೆಣ್ಣುಮಗು. ಚಲುವಯ್ಯ ಗೇಟಿನ ಬಳಿ ನಿಂತಿದ್ದದ್ದನ್ನು ಕಂಡು ಕೈ ಬೀಸಿ ಕರೆದ.

ಚಲುವಯ್ಯ ಹತ್ತಿರ ಹೋದ. ಮಮತ ಸೆರಗು ಸರಿಮಾಡಿಕೊಂಡು ಮುಖ ಆ ಕಡೆ ತಿರುಗಿಸಿದಳು.

"ಅಣ್ಣ, ಅಂಗಡಿ ಮುಚ್ಚಂಗಾಯ್ತದೆ," ಅಂದ ರವೀಂದ್ರ. "ಪಂಚರ್ ಆಕೋದಾದ್ರೂ ಆರ್ ತಿಂಗ್ಳು ನೋಡ್ಕೊತೀಯಾ?"

ಚಲುವಯ್ಯ ಮಮತಳ ಕಡೆ ನೋಡಿದ. ಅವಳು ಮಗುವನ್ನು ಎತ್ತಿಕೊಂಡು ಸೊಂಟಕ್ಕೆ ಕೂರಿಸಿಕೊಂಡಳು. ವ್ಯಾನಿನ ಬಾಗಿಲು ತೆರೆದ ಸದ್ದಾದಾಗ, ಅವನ ಮುಖ ನೋಡದೆಯೇ, "ಏಳು ಗಂಟೆಗೆ ಅಂಗಡಿ ಬಾಗ್ಲು ತೆಗೀಬೇಕು," ಅಂದಳು.